ಟ್ಯೂಬಾದ ಶವಯಾತ್ರೆಗೆ ಒಂದು ಇಂಟರ್‌ವಲ್ಲು

ನಮ್ಮ ದೇವರ ಮನೆಯಲ್ಲಿ ಒಂದು ಹಿತ್ತಾಳೆ ಗಂಟೆ ಇದೆ. ದೇವರ ಮನೆ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಟವೆಲ್ಲು ಇಡಲಿಕ್ಕೆಂದು ಅಮೆರಿಕದ ಬಿಲ್ಡರು ಕಟ್ಟಿದ ಕ್ಲಾಸೆಟ್ಟು. ಗಂಟೆಯ ಹಿಡಿಯ ಮೇಲೆ ಗರುಡ ಕೂತಿದ್ದಾನೆ, ಅವನ ಒಂದು ರೆಕ್ಕೆ ಮುರಿದಿದೆ. ದಿನಾ ಬೆಳಿಗ್ಗೆ ಮಂಗಳಾರತಿಗೆ ಅದನ್ನು ಬಾರಿಸುತ್ತೇನೆ. ಬಾರಿಸಿದಾಗ ದೇವರು ಏಳುತ್ತಾನೋ ಇಲ್ಲವೋ ನಾನು ಕಂಡಿಲ್ಲ, ಹಾಲಿನಲ್ಲಿ ಪೇಪರು ಓದುತ್ತ ಕೂತ ನಮ್ಮ ಯಜಮಾನರು ಶ್ರೀಪತಿ ಮಾತ್ರ ಕುರ್ಚಿಯಿಂದ ಅರ್ಧ ಏಳುತ್ತಾರೆ. ಎದ್ದು, ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ಕೂರುತ್ತಾರೆ. ಮನೆಗೆ ಬಂದ ಅತಿಥಿಗಳು ಇದನ್ನು ನೋಡಿ, ಎಂಥ ದೈವಭಕ್ತರು ಎಂದು ಮೆಚ್ಚಿಕೊಂಡಿದ್ದುಂಟು. ನಾನು ತಿದ್ದಲು ಹೋಗಿಲ್ಲ. ಅದು ಭಕ್ತಿಯಲ್ಲ, ಇಂಟರ್‌ವಲ್ಲು.

ಎಂಬತ್ತರ ದಶಕದಲ್ಲಿ ನಾವು ಓಕ್ಲ್ಯಾಂಡಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಕೊಲ್ಲಿಯ ಈಚೆ ಆಚೆ ದಡಗಳ ಕನ್ನಡ ಸಂಸಾರಗಳು ಸೇರಿ ಒಂದು ಚಿತ್ರ ಬಳಗ ಮಾಡಿಕೊಂಡಿದ್ದವು. ಅದರಲ್ಲಿ ಬೆಂಗಳೂರು ಮೈಸೂರಿನವರು ಹೆಚ್ಚು, ಉಡುಪಿ ಮಂಗಳೂರಿನವರು ಸ್ವಲ್ಪ, ಅಭಿಪ್ರಾಯಗಳು ಜನಕ್ಕಿಂತ ಹೆಚ್ಚು. ಆಗಾಗ ಒಂದು ಶನಿವಾರ ಮಧ್ಯಾಹ್ನ ಪಾಲೋ ಆಲ್ಟೋದಲ್ಲಿ ಚರ್ಚೊಂದರ ಹಾಲನ್ನು ಬಾಡಿಗೆಗೆ ಹಿಡಿದು, ಸಿನಿಮಾ ನೋಡಿ, ಬಿಸಿಬೇಳೆಬಾತು ತಿಂದು, ನೋಡಿದ ಸಿನಿಮಾದ ಬಗ್ಗೆ ಗಂಭೀರ ಚರ್ಚೆ ಮಾಡಿ, ಉಳಿದ ಬಾತನ್ನು ಡಬ್ಬಿಗೆ ತುಂಬಿಕೊಂಡು ಮನೆಗೆ ಹೊರಡುತ್ತಿದ್ದೆವು. ಇದಕ್ಕೆ ಸಾಂಸ್ಕೃತಿಕ ಚಟುವಟಿಕೆ ಎಂದು ಹೆಸರು.

ಬಳಗದ ಅಧ್ಯಕ್ಷರು ಡಾಕ್ಟರ್ ಗೋಪಿನಾಥ್. ಬಳಗದ ಪತ್ರಿಕೆಗೆ ಸಂಪಾದಕರೂ ಅವರೇ, ಅದರ ಏಕೈಕ ಚಿತ್ರ ವಿಮರ್ಶಕರೂ ಅವರೇ. ಆಸ್ಪತ್ರೆಯಲ್ಲಿ ಅವರು ಅರಿವಳಿಕೆ ವೈದ್ಯರು. ವಾರವಿಡೀ ಜನರಿಗೆ ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸುತ್ತಿದ್ದರು, ಶನಿವಾರ ಮದ್ದಿಲ್ಲದೆ ಅದನ್ನೇ ಮಾಡುತ್ತಿದ್ದರು. ಸಿನಿಮಾ ಶುರುವಾಗುವ ಮುಂಚೆ ಅವರ ಪ್ರಾಸ್ತಾವಿಕ ಭಾಷಣ ಇರುತ್ತಿತ್ತು. ಅದರಲ್ಲಿ ಚಿತ್ರವನ್ನು ಎಲ್ಲಿ ಮೆಚ್ಚಬೇಕು, ಎಲ್ಲಿ ಮೆಚ್ಚಿದರೆ ನಾವು ದಡ್ಡರೆನಿಸುತ್ತೇವೆ ಎಂಬುದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದರು.

ಈಗ ಇಂಟರ್‌ವಲ್ಲಿನ ವಿಷಯ. ಅಮೆರಿಕದವರು ಸಿನಿಮಾವನ್ನು ಒಂದೇ ಉಸಿರಿಗೆ ನೋಡುವ ಜನ. ನಮಗೆ ಅದಾಗದು. ನಡುವೆ ದೀಪ ಹತ್ತಬೇಕು, ಕಾಫಿ ಬರಬೇಕು, ಯಾರಾದರೂ ಯಾರದಾದರೂ ಕಾಲು ತುಳಿಯಬೇಕು. ಹೇಗೂ ಪ್ರೊಜೆಕ್ಟರು ಒಂದೇ ಇದ್ದುದರಿಂದ ರೀಲು ಬದಲಿಸಲು ನಿಲ್ಲಿಸಲೇಬೇಕಿತ್ತು. ಆಗ ಶ್ರೀಪತಿ ಈ ಗರುಡ ಗಂಟೆ ಬಾರಿಸುತ್ತಿದ್ದರು. ಆದರೆ ಇಂಟರ್‌ವಲ್ಲಿನ ನಿಜವಾದ ಕಾರಣ ಕಾಫಿಯಲ್ಲ, ಮಕ್ಕಳು. ಬೇಬಿಸಿಟರನ್ನು ಇಡುವ ಪೈಕಿ ನಾವಲ್ಲ. ಮಕ್ಕಳನ್ನು ಹಾಲಿನ ಕೆಳಗೆ ಬೇಸ್‌ಮೆಂಟಿನಲ್ಲಿ ಕೂಡಿಹಾಕಿ, ಗಂಡಸರು ಮೊದಲರ್ಧ ನೋಡುವುದು, ಗಂಟೆ ಹೊಡೆದ ಮೇಲೆ ಅವರು ಕೆಳಗಿಳಿದು ಮಕ್ಕಳನ್ನು ಕಾಯುವುದು, ಹೆಂಗಸರು ಮೇಲೆ ಹತ್ತಿ ದ್ವಿತೀಯಾರ್ಧ ನೋಡುವುದು. ಇದು ಸಮಾನತೆ ಎಂದು ಡಾಕ್ಟರು ಪತ್ರಿಕೆಯಲ್ಲಿ ಬರೆದಿದ್ದರು. ನಮ್ಮ ಪಾಳಿಯಲ್ಲಿ ಮಕ್ಕಳಿಗೆ ಹಸಿವು, ಜಗಳ, ಡಯಾಪರು. ಗಂಡಸರ ಪಾಳಿ ಬರುವಷ್ಟರಲ್ಲಿ ಮೊಸರನ್ನ ತಿಂದು ಮಕ್ಕಳು ಮಲಗಿರುತ್ತಿದ್ದವು. ಮಲಗಿದ ಮಕ್ಕಳನ್ನು ಕಾಯುತ್ತ ಇವರು ಗ್ರೀನ್‌ಕಾರ್ಡಿನ ಕಥೆ ಹೇಳುತ್ತ ಕಾಫಿ ಕುಡಿಯುತ್ತಿದ್ದರು. ಮಕ್ಕಳಿಲ್ಲದ ಬ್ರಹ್ಮಚಾರಿಗಳು ಎರಡೂ ಅರ್ಧ ನೋಡುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಅವರು ಬರುತ್ತಿದ್ದದ್ದು ಬಿಸಿಬೇಳೆಬಾತಿಗೆ, ಹಿಂದಿನ ಸಾಲಿನಲ್ಲಿ ನಿದ್ದೆ ಹೋಗಿರುತ್ತಿದ್ದರು.

ನನಗೆ ಈ ಪದ್ಧತಿ ಹೊಸದೇನಲ್ಲ. ಚಿಕ್ಕಂದಿನಲ್ಲಿ ನಮ್ಮ ಮೈಸೂರಿನ ಬೀದಿಯ ಕೊನೆಗೆ ಒಂದು ಟೆಂಟ್ ಸಿನಿಮಾ ಇತ್ತು. ಗೇಟಿನಲ್ಲಿ ನಿಲ್ಲುತ್ತಿದ್ದ ಮಾದಣ್ಣ ಇಂಟರ್‌ವಲ್ಲಾದ ಮೇಲೆ ಟೆಂಟಿನ ಅಂಚು ಎತ್ತಿ ಬೀದಿಯ ಮಕ್ಕಳನ್ನು ಪುಕ್ಕಟೆಯಾಗಿ ಒಳಗೆ ಬಿಡುತ್ತಿದ್ದ. ಹೀಗೆ ನಾನು ನೋಡಿದ ಚಿತ್ರಗಳಲ್ಲೆಲ್ಲ ನಾಯಕಿ ಆಗಲೇ ಅಳುತ್ತಿರುತ್ತಿದ್ದಳು. ಯಾಕೆ ಅಳುತ್ತಿದ್ದಾಳೆ ಎಂದು ಮರಳಿನಲ್ಲಿ ಕೂತು ಊಹಿಸುವುದೇ ನಮ್ಮ ಆಟ. ನಾಯಕನ ಹಣೆಯ ಮೇಲಿನ ಬ್ಯಾಂಡೇಜು ನೋಡಿ ಹಿಂದಿನ ಒಂದು ಗಂಟೆಯ ಕಥೆಯನ್ನು ನಾನು ಕಟ್ಟಿಬಿಡುತ್ತಿದ್ದೆ. ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೂ ಈ ವಿದ್ಯೆ ಉಪಯೋಗಕ್ಕೆ ಬಂತೆನ್ನಿ.

ಬಳಗದ ಸಿನಿಮಾ ಮುಗಿಸಿ ಪಾಲೋ ಆಲ್ಟೋದಿಂದ ಓಕ್ಲ್ಯಾಂಡಿಗೆ ಮರಳುವಾಗ ನಮ್ಮಿಬ್ಬರದೂ ಒಂದು ರೂಢಿಯಿತ್ತು. ಕೊಲ್ಲಿಯ ಮೇಲಿನ ಸೇತುವೆ ಬರುವ ತನಕ ಶ್ರೀಪತಿ ತಾವು ನೋಡಿದ ಮೊದಲರ್ಧ ಹೇಳುತ್ತಿದ್ದರು. ಸೇತುವೆ ಇಳಿದು ಫ್ರೀವೇ ಹತ್ತಿದ ಕೂಡಲೇ, “ಹೂಂ, ಆಮೇಲೆ?” ಅನ್ನುತ್ತಿದ್ದರು. ಆಗ ನಾನು ದ್ವಿತೀಯಾರ್ಧ ಹೇಳುತ್ತಿದ್ದೆ. ಕನ್ನಡ ಸಿನಿಮಾ ಹೀಗೆ ಎರಡು ತುಂಡು ಸೇರಿಸಿದರೆ ಹೊಲಿಗೆ ಕಾಣದಂತೆ ಕೂಡಿಕೊಳ್ಳುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಸಿನಿಮಾಕ್ಕಿಂತ ಆ “ಹೂಂ, ಆಮೇಲೆ?” ಇಷ್ಟವಾಗಿತ್ತು. ವಾರದ ಉಳಿದ ದಿನ ನನಗೆ ಯಾರೂ ಮುಂದೆ ಹೇಳು ಎನ್ನುತ್ತಿರಲಿಲ್ಲ.

ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಹೆಲೆನಾ ಎಂಬ ಚೆಕ್ ಹೆಂಗಸು ಇದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಒಂಟಿ ಜೀವ, ಮಾತು ಕಡಿಮೆ. ನಾನು ಕೊಟ್ಟ ಚಕ್ಕುಲಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು, ನಾನು ಸಹಿಸಿಕೊಂಡಿದ್ದೆ. ಬಳಗದಲ್ಲಿ ಒಮ್ಮೆ ವಿಶ್ವ ಸಿನಿಮಾ ತೋರಿಸಬೇಕೆಂಬ ಹುಮ್ಮಸ್ಸು ಬಂದಾಗ, ತಮ್ಮ ದೇಶದ ಯುದ್ಧಕಾಲದ ಚಿತ್ರವೊಂದು ಲೈಬ್ರರಿಯಲ್ಲಿ ಸಿಗುತ್ತದೆ ಎಂದು ಹೇಳಿದವರು ಅವರೇ. ನಗುವೂ ಇದೆ ಅಳುವೂ ಇದೆ ಎಂದರು. ನಾನು ಹೋಗಿ ಡಾಕ್ಟರಿಗೆ ಹೇಳಿದೆ.

ಡಾಕ್ಟರು ತಕ್ಷಣ ಹೂಂ ಅನ್ನುವವರಲ್ಲ. ಆ ಚಿತ್ರ ಇಲ್ಲಿ ತೆರೆ ಕಂಡಾಗ ಯಾರು ಏನು ಬರೆದಿದ್ದರು ಎಂದು ಹಳೆಯ ಪತ್ರಿಕೆಗಳನ್ನೆಲ್ಲ ಜಾಲಾಡಿದರು. ಒಬ್ಬ ವಿಮರ್ಶಕ, ನಕ್ಕು ನಕ್ಕು ಸಾಕಾಯಿತು ಎಂದಿದ್ದನಂತೆ. ಇನ್ನೊಬ್ಬ, ಇಷ್ಟು ಕ್ರೂರ ಚಿತ್ರ ನೋಡಿಲ್ಲ ಎಂದಿದ್ದನಂತೆ. ಮೂರನೆಯವನು ಇದು ಯುದ್ಧದ ಕುರಿತ ಚಿತ್ರವೇ ಅಲ್ಲ, ಅದರಲ್ಲಿ ಬರುವ ಹಿತ್ತಾಳೆಯು ಬಂಡವಾಳಶಾಹಿಯ ಸಂಕೇತ ಎಂದು ಮೂರು ಕಾಲಂ ಬರೆದಿದ್ದನಂತೆ. ನನಗಂತೂ ಇವರೂ ಬೇಸ್‌ಮೆಂಟಿನಲ್ಲಿ ಮಕ್ಕಳನ್ನು ಬಿಟ್ಟು ಪಾಳಿಯ ಮೇಲೆ ನೋಡಿದವರೇ ಇರಬೇಕು ಅನ್ನಿಸುತ್ತದೆ. ಡಾಕ್ಟರು ನಕ್ಕವನ ಪಕ್ಷ ಹಿಡಿದರು, ಯಾಕೆಂದರೆ ಅವನ ಪತ್ರಿಕೆ ದೊಡ್ಡದು. “ಇದು ಕಾಮೆಡಿ ಕಣಮ್ಮ ವಸುಧಾ. ಯೂರೋಪಿಯನ್ ಕಾಮೆಡಿ. ಸ್ವಲ್ಪ ಲೇಟಾಗಿ ನಗು ಬರುತ್ತೆ” ಎಂದು ನನಗೂ ಅಭಯ ಕೊಟ್ಟರು. ಆ ಸಲದ ವಿಮರ್ಶೆ ನಾನು ಬರೆಯಲೇ ಎಂದು ಧೈರ್ಯ ಮಾಡಿ ಕೇಳಿದೆ. ನೋಡೋಣ ಎಂದರು. ನೋಡೋಣ ಎಂದರೆ ಇಲ್ಲ ಎಂದು ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಆ ಶನಿವಾರ ಹೆಲೆನಾ ನಮ್ಮ ಕಾರಿನಲ್ಲೇ ಬಂದರು. ಅವರನ್ನು ವೇದಿಕೆಗೆ ಕರೆದು ಹಾರ ಹಾಕಿ, ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟೆವು. ಪಾಪ, ಕಾಯಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಇಡೀ ಸಿನಿಮಾ ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ನೋಡಿದರು. ಡಾಕ್ಟರ ಭಾಷಣ ಮುಗಿದು ದೀಪ ಆರುವಾಗ ನಾವು ಹೆಂಗಸರು ಬೇಸ್‌ಮೆಂಟಿಗೆ ಇಳಿದಿದ್ದೆವು. ಮೊಸರನ್ನ ಕಲಸುತ್ತಿದ್ದಾಗ ತಲೆಯ ಮೇಲೆ ಗಂಡಸರ ನಗು ಶುರುವಾಯಿತು. ಕಾಲು ಕುಟ್ಟಿ ನಗುತ್ತಿದ್ದರು, ಸೂರಿನಿಂದ ಧೂಳು ಉದುರುವ ಹಾಗೆ.

“ಎಂತ ನಗುವುದು ಇವರು ಹೀಗೆ? ಮನೆಯಲ್ಲಿ ನಮ್ಮೊಟ್ಟಿಗೆ ಒಂದು ದಿನ ಹೀಗೆ ನಕ್ಕದ್ದು ಉಂಟಾ ಮಾರಾಯ್ತಿ?” ಎಂದಳು ಉಡುಪಿಯ ಲಲಿತಾ. ಅವಳು ನನ್ನ ಗೆಳತಿ, ಆಗ ಅವಳ ಸೊಂಟದಲ್ಲಿ ಒಂದು ಮಗು, ಕಾಲಿಗೆ ಸುತ್ತಿಕೊಂಡು ಇನ್ನೊಂದು.

ಗಂಟೆ ಹೊಡೆಯಿತು. ಗಂಡಸರು ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಳಿದರು. “ಸೂಪರ್ ಕಣೇ ವಸು, ಹೊಟ್ಟೆ ಹಿಡ್ಕೊಂಡು ನಗ್ತೀಯ ನೋಡು” ಎಂದು ಶ್ರೀಪತಿ ಬೆನ್ನು ತಟ್ಟಿ ಕಳಿಸಿದರು. ನಗಲು ಸಿದ್ಧರಾಗಿ ನಾವು ಮೇಲೆ ಹೋಗಿ ಕೂತೆವು.

ನಾವು ನೋಡಿದ್ದು ಇಷ್ಟು. ಒಂದು ಸಣ್ಣ ಊರು, ಬೀದಿಯಲ್ಲಿ ಜರ್ಮನ್ ಸೈನಿಕರು. ಅಲ್ಲಿ ದಪ್ಪನೆಯ ಒಬ್ಬ ಬೇಕರಿಯವನು ಕಾಡಿನಲ್ಲಿ ಅಡಗಿದವರಿಗೆ ರೊಟ್ಟಿ ಕಳಿಸುತ್ತಾನೆ. ಒಂದು ದಿನ ಸಿಕ್ಕಿಬೀಳುತ್ತಾನೆ. ಅವನನ್ನು ಊರಾಚೆ ಒಯ್ದು ಗುಂಡಿಕ್ಕಿ, ಹೆಣವನ್ನು ಪೆಟ್ಟಿಗೆಯಲ್ಲಿಟ್ಟು ಹೆಂಡತಿಗೆ ಕೊಡುತ್ತಾರೆ. ಅವಳು ಕುದುರೆ ಗಾಡಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಬೀದಿಯಲ್ಲಿ ನಡೆದು ಬರುತ್ತಾಳೆ. ಬೀದಿಯ ಎರಡೂ ಬದಿ ಊರಿನ ಜನ. ಅವರು ಅಳುವುದಿಲ್ಲ. ಅವಳನ್ನು ನೋಡಿ ಕಣ್ಣು ಹೊಡೆಯುತ್ತಾರೆ! ಒಬ್ಬ ಮುದುಕ ಹತ್ತಿರ ಬಂದು, “ಈ ಸಲ ಯಾವ ವಾದ್ಯ?” ಎಂದು ಪಿಸುಗುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾನೆ. ಅವಳು ಏನೂ ಹೇಳದೆ ನಡೆಯುತ್ತಾಳೆ. ಕೊನೆಗೆ ಯುದ್ಧ ಮುಗಿದು, ನೆಲದಿಂದ ಒಂದು ಟ್ಯೂಬಾ ಅಗೆದು ತೆಗೆಯುತ್ತಾರೆ. ಟ್ಯೂಬಾ ಎಂದರೆ ಬ್ಯಾಂಡಿನಲ್ಲಿ ಊದುವ, ಹಂಡೆಯಷ್ಟು ಬಾಯಿಯ ಹಿತ್ತಾಳೆ ಕಹಳೆ. ಅದನ್ನು ಊದಲು ಊರಿನಲ್ಲಿ ಯಾರಿಗೂ ಬರುವುದಿಲ್ಲ. ಆ ಹೆಂಗಸು ಅದರ ಬಾಯಿಯೊಳಗಿನ ಮಣ್ಣನ್ನು ಸೆರಗಿನಂಥ ಬಟ್ಟೆಯಿಂದ ಒರೆಸುತ್ತಾಳೆ. ಅಲ್ಲಿಗೆ ಮುಗಿಯಿತು.

ದೀಪ ಹತ್ತಿದಾಗ ನಮ್ಮ ಸಾಲಿನಲ್ಲಿ ಒಣ ಕಣ್ಣಿರಲಿಲ್ಲ. ಎಂಥ ಜನ ಇವರು, ಹೆಣದ ಮುಂದೆ ಕಣ್ಣು ಹೊಡೆಯುವವರು ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಉರಿ, ಇದನ್ನು ನೋಡಿ ಕಾಲು ಕುಟ್ಟಿ ನಕ್ಕ ನಮ್ಮವರ ಮೇಲೆ.

ಬಾತಿನ ತಟ್ಟೆಗಳ ನಡುವೆ ಚರ್ಚೆ ಶುರುವಾಯಿತು. ಡಾಕ್ಟರು, “ಆ ಶವಯಾತ್ರೆ ಸೀನು! ಆ ಹೆಂಗಸು ಅಳೋ ಸೀನು! ನನ್ನ ಲೈಫ್‌ನಲ್ಲಿ ಅಂಥ ಕಾಮೆಡಿ ನೋಡಿಲ್ಲ” ಎಂದರು. ಗಂಡಸರೆಲ್ಲ ಮತ್ತೆ ನಕ್ಕರು. ಕೊನೆಗೆ ಪದ್ಧತಿಯಂತೆ, “ಈಗ ಮಹಿಳೆಯರಿಂದ ಎರಡು ಮಾತು” ಎಂದರು. ಈ ಎರಡು ಮಾತು ಎಂದರೆ ಅಡುಗೆಯವರಿಗೆ ಧನ್ಯವಾದ ಹೇಳುವುದು. ನಾನು ಎದ್ದು ನಿಂತೆ.

“ಗಂಡನ ಹೆಣ ತಗೊಂಡು ಹೋಗ್ತಿರೋ ಹೆಂಗಸನ್ನ ನೋಡಿ ನಗೋದಕ್ಕೆ ನಿಮಗೆ ಮನಸ್ಸಾದ್ರೂ ಹ್ಯಾಗೆ ಬಂತು ಡಾಕ್ಟ್ರೇ?”

“ಹೆಣ? ಯಾವ ಹೆಣ? ಪೆಟ್ಟಿಗೇಲಿ ಇದ್ದದ್ದು ಟ್ಯೂಬಾ ಅಲ್ವೇನಮ್ಮ?”

“ಟ್ಯೂಬಾನಂತೆ! ಗಂಡ ಸತ್ತಿದ್ದಾನೆ ಅವಳಿಗೆ! ನೀವು ಸಿನಿಮಾ ನೋಡಿದ್ರೋ ಭಾಷಣ ಮಾಡ್ತಿದ್ರೋ?”

“ಅವಳು ಅತ್ತಿದ್ದು ಈರುಳ್ಳಿಗೆ ಕಣ್ರೀ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಅವಳು ಅಳಲೇ ಇಲ್ಲ ಮಾರಾಯ್ರೆ, ಅದೇ ದುಃಖ” ಎಂದು ಲಲಿತಾ ಕೂಗಿದಳು.

ಈಗ ನಿಮಗೆ ಅನ್ನಿಸುತ್ತಿರಬಹುದು, ಇಷ್ಟು ಓದಿದ ಜನ, ಇಂಜಿನಿಯರುಗಳು ಡಾಕ್ಟರುಗಳು, ತಾವು ನೋಡಿದ್ದು ಬೇರೆ ಬೇರೆ ಅರ್ಧ ಎಂದು ಹೊಳೆಯಲಿಲ್ಲವೇ? ಹೊಳೆಯಲಿಲ್ಲ. ಯಾಕೆಂದರೆ ಇಬ್ಬರೂ ಹೇಳುತ್ತಿದ್ದದ್ದು ಅದೇ ಬೀದಿ, ಅದೇ ಗಾಡಿ, ಅದೇ ಪೆಟ್ಟಿಗೆ, ಅದೇ ಹೆಂಗಸು. ಅದೂ ಅಲ್ಲದೆ ತಾನು ನೋಡಿದ ಅರ್ಧವೇ ಇಡೀ ಸಿನಿಮಾ ಎಂದು ನಂಬಲು ಓದು ಬಹಳ ಸಹಾಯ ಮಾಡುತ್ತದೆ. ಕನ್ನಡ ಬಾರದ ಹೆಲೆನಾ ಶಾಲು ಹೊದ್ದು ತೆಂಗಿನಕಾಯಿ ಹಿಡಿದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡುತ್ತಿದ್ದರು.

ನಾನು ಶ್ರೀಪತಿಯ ಕಡೆ ನೋಡಿದೆ. ನನ್ನ ಪರ ಒಂದು ಮಾತು ಆಡಿಯಾರು ಎಂದು. ಅವರು ತಟ್ಟೆಯಿಂದ ತಲೆ ಎತ್ತಿ, “ಕೂತ್ಕೋ ವಸು. ನಿಂಗೆ ಕಾಮೆಡಿ ಅರ್ಥ ಆಗಿಲ್ಲ ಅಷ್ಟೆ” ಎಂದರು. ಆ ನಗುವಿನ ನಡುವೆ ನಾನು ಕೂತೆ. ಸಿನಿಮಾಕ್ಕೆ ಬಂದ ಅಳು ಬೇರೆ, ಆಗ ಬಂದ ಅಳು ಬೇರೆ.

ಹೊರಟೆವು. ಸೇತುವೆ ಬಂತು, ಹೋಯಿತು. ಶ್ರೀಪತಿ ಮೊದಲರ್ಧ ಹೇಳಲಿಲ್ಲ. ಫ್ರೀವೇ ಹತ್ತಿದೆವು, “ಹೂಂ, ಆಮೇಲೆ?” ಬರಲಿಲ್ಲ. ಹಿಂದಿನ ಸೀಟಿನಿಂದ ಮಗಳು, “ಮಾಮ್, ವೈ ಈಸ್ ನೋಬಡಿ ಟಾಕಿಂಗ್?” ಎಂದು ಕೇಳಿದಳು. ಅವಳ ಪಕ್ಕದಲ್ಲಿ ಹೆಲೆನಾ ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಮಾರನೆಯ ಬೆಳಿಗ್ಗೆ ಹೆಲೆನಾ ಬಾಗಿಲು ತಟ್ಟಿದರು. ಹಿಂದಿನ ವಾರ ನಾನು ಚಕ್ಕುಲಿ ಕಳಿಸಿದ್ದ ಡಬ್ಬಿಯಲ್ಲಿ ಪ್ಲಮ್ ಹಣ್ಣಿನ ಕೇಕು ತಂದಿದ್ದರು. ಖಾಲಿ ಡಬ್ಬಿ ಮರಳಿಸಬಾರದೆಂದು ನನ್ನಿಂದಲೇ ಕಲಿತದ್ದು. ಕೂತು, “ನಿಮ್ಮ ಪದ್ಧತಿ ನನಗೆ ತುಂಬ ಹಿಡಿಸಿತು” ಎಂದರು. ಯಾವ ಪದ್ಧತಿ ಎಂದೆ. “ಗಂಟೆ ಬಾರಿಸುತ್ತೀರಿ, ನಕ್ಕ ಗಂಡಸರು ಎದ್ದು ಹೋಗುತ್ತಾರೆ, ಅಳಲು ಹೆಂಗಸರು ಬಂದು ಕೂರುತ್ತಾರೆ. ನನಗೆ ಮೈ ಜುಂ ಎಂದಿತು. ನಮ್ಮೂರಿನಲ್ಲಿ ಯುದ್ಧವೂ ಹಾಗೇ ನಡೆಯಿತು. ಇದು ಹಿಂದೂ ಧರ್ಮದಲ್ಲೇ ಇದೆಯೇ?”

ನನಗೆ ನಗಬೇಕೋ ನೆಲಕ್ಕೆ ಇಳಿಯಬೇಕೋ ತಿಳಿಯಲಿಲ್ಲ. ಬೇಬಿಸಿಟರಿಗೆ ದುಡ್ಡು ಕೊಡದ ನಮ್ಮ ಜಿಪುಣತನ ಅವರ ಕಣ್ಣಿಗೆ ಆಚಾರವಾಗಿ ಕಂಡಿತ್ತು. ಇದ್ದದ್ದನ್ನು ಹೇಳಿದೆ. ಜಗಳವನ್ನೂ ಹೇಳಿದೆ. ಶವಯಾತ್ರೆಯಲ್ಲಿ ನಗುವಂಥದ್ದು ಏನಿತ್ತು ಎಂದು ಕೇಳಿದೆ.

“ಯಾವ ಶವಯಾತ್ರೆ? ಮೊದಲನೆಯದೋ ಎರಡನೆಯದೋ?” ಎಂದರು ಹೆಲೆನಾ.

ಹಾಗೆ ತಿಳಿಯಿತು. ಮೊದಲರ್ಧದಲ್ಲಿ ಜರ್ಮನ್ನರು ಮದ್ದುಗುಂಡಿಗಾಗಿ ಊರಿನ ಹಿತ್ತಾಳೆಯನ್ನೆಲ್ಲ ಕಿತ್ತುಕೊಳ್ಳುತ್ತಾರೆ. ಬ್ಯಾಂಡಿನವರು ತಮ್ಮ ವಾದ್ಯ ಉಳಿಸಿಕೊಳ್ಳಲು, ಇಲ್ಲದ ಸೋದರಮಾವನೊಬ್ಬ ಸತ್ತನೆಂದು ಸುದ್ದಿ ಹಬ್ಬಿಸಿ, ಬೇಕರಿಯವನ ಟ್ಯೂಬಾವನ್ನು ಶವಪೆಟ್ಟಿಗೆಯಲ್ಲಿಟ್ಟು ಮೆರವಣಿಗೆ ಮಾಡಿ ಹೂಳುತ್ತಾರೆ. ಬೇಕರಿಯವನ ಹೆಂಡತಿಗೆ ಅಳು ಬರುವುದಿಲ್ಲ, ಸೆರಗಿನಂಥ ಬಟ್ಟೆಯಡಿ ಈರುಳ್ಳಿ ಹಿಡಿದುಕೊಳ್ಳುತ್ತಾಳೆ. ಜರ್ಮನ್ ಅಧಿಕಾರಿ ಟ್ಯೂಬಾಕ್ಕೆ ಸೆಲ್ಯೂಟ್ ಹೊಡೆಯುತ್ತಾನೆ. ಊರೆಲ್ಲ ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಾರೆ. ಅದಾದ ಮೇಲೆ ನಿಜವಾದ ಹೆಣ ಬಂದಾಗ, ಪಾಪ, ಇದೂ ಒಂದು ಕಹಳೆಯೋ ಕ್ಲಾರಿನೆಟ್ಟೋ ಇರಬೇಕೆಂದು ಅವರು ಮತ್ತೆ ಕಣ್ಣು ಹೊಡೆದದ್ದು. ಪೆಟ್ಟಿಗೆಯಲ್ಲಿ ಗಂಡನ ಹೆಣವಿದೆ ಎಂದು ತಾನು ಹೇಳಿದರೆ, ಊರೆಲ್ಲ ಸೈನಿಕರ ಮುಂದೆ ಅತ್ತು, ಅವನ ಕಡೆಯವರೆಂದು ಸಿಕ್ಕಿಬಿದ್ದೀತೆಂದು ಅವಳು ಬಾಯಿ ಮುಚ್ಚಿಕೊಂಡು ನಡೆದದ್ದು. ಕಟುಕರೆಂದು ನಾನು ಶಪಿಸಿದ ಊರು ಅವಳ ಜೊತೆಗಿತ್ತು.

ಅಡುಗೆಮನೆಗೆ ಓಡಿದೆ. ಶ್ರೀಪತಿ ಟೋಸ್ಟಿಗೆ ಉಪ್ಪಿನಕಾಯಿ ಹಚ್ಚುತ್ತಿದ್ದರು. “ರೀ, ಎರಡು ಶವಯಾತ್ರೆ ಇದೆಯಂತೆ ರೀ ಅದ್ರಲ್ಲಿ! ನೀವು ನೋಡಿದ್ದೇ ಬೇರೆ, ನಾನು ನೋಡಿದ್ದೇ ಬೇರೆ!” ಎಂದೆ.

“ಇರಬಹುದು” ಎಂದರು. “ಅದಕ್ಕೀಗ ಏನು?”

ಎರಡನೆಯದರಲ್ಲಿ ಏನಾಯಿತು ಎಂದು ಅವರು ಕೇಳಲಿ ಎಂದು ಫ್ರಿಜ್ಜಿಗೆ ಒರಗಿ ಕಾದೆ. ಅವರು ಟೋಸ್ಟು ತಿಂದರು. ನನಗೆ ಬೇಕಾಗಿದ್ದದ್ದು ಕ್ಷಮೆಯಲ್ಲ, ಆ ಒಂದು ಪ್ರಶ್ನೆ. ಅದು ಬರಲಿಲ್ಲ. ಆಗ ಏನು ರೋಷ ಬಂತೋ, “ಇವತ್ತು ಮಕ್ಕಳನ್ನ ನೀವು ನೋಡ್ಕೊಳ್ಳಿ. ಪೂರ್ತಿ ಸಿನಿಮಾ ಮುಗಿಯೋ ತನಕ” ಎಂದು ಹೇಳಿ ಲಲಿತಾಗೆ ಫೋನು ಮಾಡಿದೆ.

ರೀಲುಗಳೂ ಪ್ರೊಜೆಕ್ಟರೂ ಡಾಕ್ಟರ ಮನೆಯಲ್ಲಿದ್ದವು, ಲೈಬ್ರರಿಗೆ ಮರಳಿಸುವುದು ಮಾರನೆಯ ದಿನ. ಲಲಿತಾ ಹೋಗಿ ಕೇಳಿದಾಗ ಡಾಕ್ಟರು ಆಸ್ಪತ್ರೆಯಲ್ಲಿದ್ದರು. ಅವರ ಹೆಂಡತಿ ಸರೋಜಮ್ಮ, ಬಳಗದಲ್ಲಿ ಹಪ್ಪಳದ ಡಬ್ಬಿ ಹಿಡಿದು ನಿಲ್ಲುವುದು ಬಿಟ್ಟು ಬೇರೇನೂ ಮಾಡದ ಹೆಂಗಸು, ಎಲ್ಲವನ್ನೂ ತಾವೇ ಕಾರಿನ ಡಿಕ್ಕಿಗೆ ತುಂಬಿಸಿ, “ನಾನೂ ಬರ್ತೀನಿ ಕಣ್ರೀ. ನಮ್ಮನೇಲಿ ಸಿನಿಮಾ ಬರೋ ಮುಂಚೇನೇ ವಿಮರ್ಶೆ ಬಂದ್ಬಿಡುತ್ತೆ” ಎಂದು ಮುಂದಿನ ಸೀಟಿನಲ್ಲಿ ಕೂತರಂತೆ. ನಮ್ಮ ಮನೆಗೆ ಇನ್ನೂ ಕೆಲವು ಹೆಂಗಸರು ಬಂದರು, ಪಕ್ಕದಿಂದ ಹೆಲೆನಾ ಕೂಡ. ಗಂಡಂದಿರು ಎಲ್ಲಾ ಮಕ್ಕಳನ್ನು ಕೆರೆಯ ದಡದ ಪಾರ್ಕಿಗೆ ಕರೆದುಕೊಂಡು ಹೋದರು. ಅಲ್ಲಿನ ಬಾತುಕೋಳಿಗಳು ಇವರನ್ನು ಅಟ್ಟಿಸಿಕೊಂಡು ಬಂದ ಕಥೆ ಮಕ್ಕಳು ಈಗಲೂ ಇಂಗ್ಲಿಷಿನಲ್ಲಿ ಹೇಳುತ್ತಾರೆ.

ಪ್ರೊಜೆಕ್ಟರು ನಡೆಸುವುದು ಏನೋ ಮಹಾ ಇಂಜಿನಿಯರಿಂಗು ಎಂದು ನಮ್ಮನ್ನು ನಂಬಿಸಿದ್ದರು. ನೋಡಿದರೆ ರೀಲು ಏರಿಸುವ ವಿಧಾನದ ಚಿತ್ರ ಅದರ ಮುಚ್ಚಳದ ಒಳಗೇ ಅಂಟಿಸಿತ್ತು. ಇಡ್ಲಿ ಕುಕ್ಕರಿಗಿಂತ ಸುಲಭ. ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿದೆವು. ಪ್ರೊಜೆಕ್ಟರಿನ ಪೆಟ್ಟಿಗೆಯ ತಳದಲ್ಲಿ ಈ ಗರುಡ ಗಂಟೆ ಇತ್ತು. ಅದನ್ನೆತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಆ ದಿನ ಯಾರೂ ಅದನ್ನು ಬಾರಿಸುವಂತಿರಲಿಲ್ಲ.

ಮೊದಲರ್ಧ ಶುರುವಾಯಿತು. ಬೇಕರಿಯವನು ಬದುಕಿದ್ದ, ಹಿಟ್ಟು ಮೆತ್ತಿದ ಮೂತಿಯಲ್ಲಿ ಟ್ಯೂಬಾ ಊದುತ್ತಿದ್ದ, ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದ. ಈರುಳ್ಳಿಯ ದೃಶ್ಯ ಬಂತು, ಸೆಲ್ಯೂಟಿನ ದೃಶ್ಯ ಬಂತು. ಗಂಡಸರು ಕಾಲು ಕುಟ್ಟಿದ ಜಾಗಗಳೆಲ್ಲ ಬಂದವು. ನಾವು ಯಾರೂ ನಗಲಿಲ್ಲ. ಇವನಿಗೆ ಮುಂದೇನು ಕಾದಿದೆ ಎಂದು ಗೊತ್ತಿದ್ದ ಮೇಲೆ ಹೇಗೆ ನಗುವುದು? ಸರೋಜಮ್ಮ ಮೂಗೊರೆಸಿಕೊಳ್ಳುತ್ತಿದ್ದರು. ಕೋಣೆಯಲ್ಲಿ ನಗುತ್ತಿದ್ದವರು ಹೆಲೆನಾ ಒಬ್ಬರೇ. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಆದರೂ ಗಟ್ಟಿಯಾಗಿ, ನಾಚಿಕೆಯಿಲ್ಲದೆ ನಗುತ್ತಿದ್ದರು. ಎಲ್ಲ ಮುಗಿದ ಮೇಲೆ ನಾನು ಕೇಳಿದೆ, ಕೊನೆ ಗೊತ್ತಿದ್ದೂ ನಗು ಹೇಗೆ ಬರುತ್ತದೆ ಎಂದು.

“ನಮ್ಮೂರಿನ ಟಾಕೀಸಿಗೆ ಈ ಚಿತ್ರ ಬಂದಾಗ ನೋಡಲು ಬಂದವರಿಗೆಲ್ಲ ಕೊನೆ ಮೊದಲೇ ಗೊತ್ತಿತ್ತು. ಯುದ್ಧದಲ್ಲಿ ಪ್ರತಿ ಮನೆಯಿಂದಲೂ ಒಬ್ಬರು ಸತ್ತಿದ್ದರು. ಆದರೂ ನಕ್ಕೆವು. ಆ ಬೇಕರಿಯವನು ನಮ್ಮನ್ನು ನಗಿಸಲು ಅಷ್ಟು ಕಷ್ಟಪಟ್ಟಿದ್ದಾನೆ. ನಗದಿದ್ದರೆ ಅವನಿಗೆ ಬೇಜಾರಾಗುವುದಿಲ್ಲವೇ?” ಎಂದರು.

ಸರೋಜಮ್ಮ, “ಮೊದಲನೇದು ಇನ್ನೊಂದ್ಸಲ ಹಾಕ್ರೀ” ಎಂದರು. ಹಾಕಿದೆವು. ಎರಡನೆಯ ಸಲ ಈರುಳ್ಳಿ ಬಂದಾಗ ಲಲಿತಾ ಮೊದಲು ಕಿಸಕ್ಕೆಂದಳು. ಆಮೇಲೆ ನಮ್ಮನ್ನು ಹಿಡಿಯುವವರಿರಲಿಲ್ಲ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು.

ಅದೇ ವಾರ ಕೂತು ವಿಮರ್ಶೆ ಬರೆದೆ. ನನ್ನ ಜೀವನದ ಮೊದಲ ಬರಹ. ಮೊದಲ ಭಾಗದಲ್ಲಿ ಟ್ಯೂಬಾದ ಶವಯಾತ್ರೆ, ನಗು, ಈರುಳ್ಳಿ. ಎರಡನೆಯ ಭಾಗದಲ್ಲಿ ಅವನ ಶವಯಾತ್ರೆ, ಆ ಹೆಂಗಸು, ಅವಳ ಬಾಯಿ ಮುಚ್ಚಿದ ನಡಿಗೆ, ಮತ್ತು ಅರ್ಧ ನೋಡಿ ಪೂರ್ತಿ ತೀರ್ಪು ಕೊಡುವ ಬಳಗಗಳ ಬಗ್ಗೆ ನನ್ನ ನಾಲ್ಕು ಮಾತು. ಶ್ರೀಪತಿಗೆ ಓದಲು ಕೊಟ್ಟೆ. “ಪ್ರಿಂಟಾಗಲಿ, ನೀಟಾಗಿ ಓದ್ತೀನಿ” ಎಂದರು. ಡಾಕ್ಟರು, ಅಚ್ಚರಿ ನೋಡಿ, ಒಪ್ಪಿಕೊಂಡರು. ಪತ್ರಿಕೆ ಬಂತು. ಡಾಕ್ಟರ ವಿಮರ್ಶೆ ಮುಖಪುಟದಿಂದ ಶುರುವಾಗಿ ಒಳಪುಟಗಳಲ್ಲೆಲ್ಲ ಹರಿದಿತ್ತು, ಹೊಟ್ಟೆ ಹುಣ್ಣಾಗಿಸುವ ಚಿತ್ರ ಎಂದು. ಕೊನೆಯ ಪುಟದಲ್ಲಿ, ಉಪ್ಪಿಟ್ಟಿನ ರವೆ ಸಿಗುವ ಅಂಗಡಿಯ ಜಾಹೀರಾತಿನ ಪಕ್ಕ, ನನ್ನ ವಿಮರ್ಶೆಯ ಮೊದಲ ಭಾಗ ಇತ್ತು. ಅದರ ಕೆಳಗೆ, ಸ್ಥಳಾಭಾವದಿಂದ ಉಳಿದದ್ದು ಮುಂದಿನ ಸಂಚಿಕೆಯಲ್ಲಿ ಎಂದಿತ್ತು. ಓದಿದವರೆಲ್ಲ ಸಿಕ್ಕಲ್ಲಿ ಅಭಿನಂದಿಸಿದರು: ಅಂತೂ ನಿಮಗೂ ಕಾಮೆಡಿ ಅರ್ಥ ಆಯ್ತಲ್ಲ!

ಮುಂದಿನ ಸಂಚಿಕೆ ಬರಲಿಲ್ಲ. ಮನೆಮನೆಗೆ ವಿಸಿಆರು ಬಂತು, ಬಳಗ ಚದುರಿತು, ಡಾಕ್ಟರು ಸಿನಿಮಾ ಬಿಟ್ಟು ವೈನಿನ ವಿಮರ್ಶೆಗೆ ಇಳಿದರು. ಹೆಲೆನಾ ಕೆಲವು ವರ್ಷಗಳ ನಂತರ ತೀರಿಕೊಂಡರು. ಅವರ ಮನೆ ಖಾಲಿ ಮಾಡುವಾಗ ಕಿಟಕಿಯ ಬಳಿ ಆ ತೆಂಗಿನಕಾಯಿ ಹಾಗೇ ಇತ್ತು, ಶಾಲಿನ ಮೇಲೆ ಕೂರಿಸಿಟ್ಟಿದ್ದರು. ಗಂಟೆಯನ್ನು ನಾನು ಯಾರಿಗೂ ಮರಳಿಸಲಿಲ್ಲ. ಕಾರಿನಲ್ಲಿ ಕಥೆ ಹೇಳುವ ನಮ್ಮ ರೂಢಿ ಅಂದು ಸೇತುವೆಯ ಮೇಲೆ ನಿಂತದ್ದು ನಿಂತೇ ಹೋಯಿತು. ಜಗಳವೇನೂ ಉಳಿದಿರಲಿಲ್ಲ, ಸುಖವಾಗಿಯೇ ಬದುಕಿದೆವು. ಆದರೆ ಅವರು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ.

ಹೋದ ವಾರ ಬೆಳಿಗ್ಗೆ ಗಂಟೆ ಬಾರಿಸಿದೆ. ಎಂದಿನಂತೆ ಅವರು ಅರ್ಧ ಎದ್ದರು. ಕೂರಲಿಲ್ಲ. ನಡೆದುಕೊಂಡು ಕ್ಲಾಸೆಟ್ಟಿನ ಬಾಗಿಲಿಗೆ ಬಂದು ನಿಂತರು. ಈಗ ಕಿವಿ ಸ್ವಲ್ಪ ಮಂದ, ಮೊಣಕಾಲು ನೋವು. ನನ್ನ ಕೈಯಲ್ಲಿದ್ದ ಗಂಟೆಯನ್ನೇ ನೋಡುತ್ತ, “ಅಲ್ಲ ಕಣೇ, ಆ ಟ್ಯೂಬಾ ಸಿನಿಮಾ ಇತ್ತಲ್ಲ, ಈರುಳ್ಳೀದು” ಎಂದರು. “ಅವಳು... ಆಮೇಲೆ?”

ಇಷ್ಟು ವರ್ಷದ ಇಂಟರ್‌ವಲ್ಲು ಯಾವ ಟಾಕೀಸಿನಲ್ಲೂ ಇರಲಾರದು.

“ಕೂತ್ಕೊಳ್ಳಿ ಮೊದಲು” ಎಂದೆ. ಅವರು ನನ್ನ ಮಣೆಯನ್ನೇ ಎಳೆದುಕೊಂಡು ಕೂತರು. ನಾನು ನಿಂತೇ ಹೇಳಿದೆ. ಕಾಡಿಗೆ ರೊಟ್ಟಿ ಕಳಿಸಿದ್ದು, ಸಿಕ್ಕಿಬಿದ್ದದ್ದು, ಗಾಡಿಯಲ್ಲಿ ಪೆಟ್ಟಿಗೆ ಬಂದದ್ದು. ಊರವರು ಕಣ್ಣು ಹೊಡೆದರು ಎಂದೆ. ಮುದುಕ ಬಂದು ಈ ಸಲ ಯಾವ ವಾದ್ಯ ಎಂದು ಕೇಳಿದ ಎಂದೆ.

ಶ್ರೀಪತಿ ನಕ್ಕರು. ಅಂದು ಕಾಲು ಕುಟ್ಟಿ ನಕ್ಕ ಹಾಗೇ, ಭುಜ ಕುಣಿಸಿ ನಕ್ಕರು. ನಾನು ತಡೆಯಲಿಲ್ಲ. ಸುಮ್ಮನೆ ಅವರ ಮುಖ ನೋಡುತ್ತ ನಿಂತೆ. ನಗು ಅರ್ಧ ದಾರಿಯಲ್ಲಿ ತಾನಾಗಿ ನಿಂತಿತು. ಬಾಯಿ ತೆರೆದೇ ಇತ್ತು. ಕನ್ನಡಕ ತೆಗೆದರು.

“ಅವಳು ಅವರಿಗೆ ಹೇಳಲೇ ಇಲ್ವೇನೇ?” ಎಂದರು.

“ಇಲ್ಲ” ಎಂದೆ. ಗಂಟೆಯನ್ನು ಸದ್ದಾಗದ ಹಾಗೆ ಕೆಳಗಿಟ್ಟು, ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.